ಊದಿಕೊಂಡವರ ಜೊತೆ ಮುಖಾಮುಖಿ

(ಎಂಟು ವರ್ಷದ ಹುಡುಗನೊಬ್ಬನ ಗಂಟಲಿನಲ್ಲಿ, ಕಿರುನಾಲಗೆಯ ಎಡಕ್ಕೆ ವಾಸವಾಗಿರುವ ಟಾನ್ಸಿಲ್ ನಮ್ಮೊಂದಿಗೆ ಮಾತಾಡಲು ಒಪ್ಪಿತು. ಬಲಗಡೆಯದು ‘ವಕೀಲರನ್ನು ಕೇಳಿ ಹೇಳ್ತೀನಿ’ ಎಂದಿತು. ಹುಡುಗ ಎಂಜಲು ನುಂಗಿದಾಗಲೆಲ್ಲ ಸಂದರ್ಶನ ನಿಲ್ಲಿಸಬೇಕಾಯಿತು.)

ಏನು ಸ್ವಾಮಿ, ಇಷ್ಟೊಂದು ಊದಿದ್ದೀರಿ?

ಕೆಲಸ ಮಾಡ್ತಿದೀನಿ, ಅದಕ್ಕೆ. ಬಾಯಿಂದ, ಮೂಗಿಂದ ಬರೋರೆಲ್ಲ ನಮ್ಮ ಚೆಕ್‌ಪೋಸ್ಟ್ ದಾಟಿಯೇ ಹೋಗಬೇಕು. ಮೈಮೇಲೆ ಗುಂಡಿಗಳು ಕಾಣಿಸ್ತವಲ್ಲ, ಅವು ಬೇಕಂತಲೇ ತೋಡಿರೋದು. ವೈರಸ್ ಅದರೊಳಗೆ ಬಿದ್ದರೆ ಗೋಡೆಯ ಕೋಶಗಳು ಹಿಡಿದು ಒಳಗೆ ಕಳಿಸ್ತವೆ. ಟಿ ಕೋಶಗಳು ಗುರುತು ಪತ್ತೆ ಮಾಡಿ ಬಿ ಕೋಶಗಳಿಗೆ ಸೈ ಅಂತವೆ. ಅವು ಒಂದಕ್ಕೆ ಹತ್ತಾಗಿ, ಹತ್ತಕ್ಕೆ ನೂರಾಗಿ ಪ್ರತಿಕಾಯ ತಯಾರಿಸೋಕೆ ಕೂರ್ತವೆ. ಇಡೀ ಇಲಾಖೆ ಒಂದೇ ದಿನ ಡ್ಯೂಟಿಗೆ ಬಂದರೆ ಕಚೇರಿ ಊದದೇ ಇರತ್ತಾ?

ಜ್ವರಕ್ಕೆ ನೀವೇ ಕಾರಣ ಅಂತಾರೆ ಹುಡುಗನ ತಾಯಿ.

ದೂರು ಬರಕೊಂಡ ಗುಮಾಸ್ತನ ಮೇಲೇ ಕಳ್ಳತನದ ಕೇಸು! ಈ ಸಲ ಬಂದಿರೋದು ಅಡಿನೋವೈರಸ್. ಆ ಹೆಸರೂ ನಮ್ಮ ಮನೆತನದ್ದೇ ಅನ್ನಿ. 1953ರಲ್ಲಿ ಅಮೆರಿಕದ ವ್ಯಾಲೇಸ್ ರೋವ್ ಮತ್ತವರ ಸಂಗಡಿಗರು, ಮಕ್ಕಳಿಂದ ಕತ್ತರಿಸಿ ತೆಗೆದ ಅಡಿನಾಯ್ಡನ್ನು ಪ್ರಯೋಗಾಲಯದಲ್ಲಿ ಬೆಳೆಸುವಾಗ ಸಿಕ್ಕಿಬಿದ್ದ ಆಸಾಮಿ. ಅಡಿನಾಯ್ಡ್ ನಮ್ಮಣ್ಣ, ಮೂಗಿನ ಹಿಂದೆ ಇರ್ತಾನೆ.

ಅಂದರೆ ಕಳ್ಳ ನಿಮ್ಮಣ್ಣನ ಮನೆಯಲ್ಲೇ ಇದ್ದ!

(ಕೆಮ್ಮಿ) ಕೆಲವರು ಹೊರಡೋದೇ ಇಲ್ಲ. ಎಪ್‌ಸ್ಟೀನ್-ಬಾರ್ ವೈರಸ್ ನೋಡಿ, ನಮ್ಮ ಬಿ ಕೋಶಗಳೊಳಗೇ ನುಗ್ಗಿ ಜೀವಮಾನವಿಡೀ ತೆಪ್ಪಗಿರತ್ತೆ. ಅದೂ ಎಲ್ಲಿ? ಹಳೇ ಶತ್ರುಗಳ ನೆನಪಿಟ್ಟುಕೊಳ್ಳೋ ಕೋಶಗಳಲ್ಲಿ! ಇಲಾಖೆ ಅಂದಮೇಲೆ ಒಳಗಿನವರೂ ಇರ್ತಾರೆ. ಇದನ್ನ ಬರೀಬೇಡಿ.

(ಬರೆದಿದ್ದೇವೆ.)

ಆಂಟಿಬಯಾಟಿಕ್ ಶುರುವಾಗಿದೆಯಂತೆ?

ಡಾಕ್ಟರು ಬರೆದಿದ್ದಲ್ಲ, ಮೆಡಿಕಲ್ ಶಾಪಿನ ಹುಡುಗ ಕೊಟ್ಟಿದ್ದು. ವೈರಸ್ಸಿನ ಒಂದು ಕೂದಲೂ ಕೊಂಕಲ್ಲ ಅದರಿಂದ. ಎಪ್‌ಸ್ಟೀನ್-ಬಾರ್ ಜ್ವರದಲ್ಲಿ ಅಮಾಕ್ಸಿಸಿಲಿನ್ ನುಂಗಿಸಿದರೆ ಎಷ್ಟೋ ಜನಕ್ಕೆ ಮೈತುಂಬ ದದ್ದು ಏಳತ್ತೆ. ಆಮೇಲೆ ಅಲರ್ಜಿಗೆ ಇನ್ನೊಂದು ಮಾತ್ರೆ!

ಹಾಗಾದರೆ ಬೇಡವೇ ಬೇಡ ಅಂತೀರಾ?

ಅಯ್ಯೋ, ಹಾಗೆ ಬರೆದುಬಿಟ್ಟೀರಿ! ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಬಂದರೆ ಬೇಕೇ ಬೇಕು, ಡಾಕ್ಟರು ಹೇಳಿದಷ್ಟೂ ದಿನ. ಬಿಟ್ಟರೆ ಕೆಲವು ಮಕ್ಕಳಲ್ಲಿ, ಅದನ್ನ ಹೊಡೆಯೋಕೆ ತಯಾರಾದ ಪ್ರತಿಕಾಯಗಳು ಹೃದಯದ ಕವಾಟವನ್ನೂ ಅದೇ ಶತ್ರು ಅಂತ ತಿಳಿದು ಹೊಡೀತವೆ. ರುಮಾಟಿಕ್ ಜ್ವರ. ಆ ವಿಷಯದಲ್ಲಿ ನಾನು ತಮಾಷೆ ಮಾಡಲ್ಲ.

ನಿಮ್ಮನ್ನು ತೆಗೆಸುವ ಮಾತು ನಡೆದಿದೆ.

ಊದಿದವನನ್ನೆಲ್ಲ ತೆಗೀಬೇಕು ಅಂದರೆ ಯಾರು ಉಳೀತಾರೆ? 1934ರಲ್ಲಿ ನ್ಯೂಯಾರ್ಕ್‌ನ 11 ವರ್ಷದ 1,000 ಶಾಲಾಮಕ್ಕಳ ಗಂಟಲು ನೋಡಿಸಿದರು. 611 ಮಕ್ಕಳದ್ದು ಆಗಲೇ ಹೋಗಿತ್ತು. ಉಳಿದ 389ರಲ್ಲಿ 174 ಮಕ್ಕಳಿಗೆ ಆಪರೇಷನ್ ಆಗಬೇಕು ಅಂದರು ಡಾಕ್ಟರುಗಳು. ‘ಏನೂ ಇಲ್ಲ’ ಅನಿಸಿಕೊಂಡ 215 ಮಕ್ಕಳನ್ನ ಬೇರೆ ಡಾಕ್ಟರುಗಳ ಮುಂದೆ ನಿಲ್ಲಿಸಿದರೆ 99 ಮಕ್ಕಳಿಗೆ ಆಪರೇಷನ್ ಬೇಕಂತೆ! ಮಿಕ್ಕ 116 ಮಕ್ಕಳನ್ನ ಮೂರನೇ ತಂಡಕ್ಕೆ ತೋರಿಸಿದರೆ ಅದರಲ್ಲೂ ಹತ್ತಿರಹತ್ತಿರ ಅರ್ಧ. ನಾಲ್ಕನೇ ತಂಡ ಸಿಗದ ಪುಣ್ಯಕ್ಕೆ 65 ಮಕ್ಕಳು ಬಚಾವಾದರು.

ನೀವಿಲ್ಲದಿದ್ದರೂ ಜನ ಚೆನ್ನಾಗೇ ಬದುಕುತ್ತಾರಲ್ಲ?

ಬದುಕ್ತಾರೆ, ಸುಳ್ಳು ಹೇಳಲ್ಲ. ಕುತ್ತಿಗೆಯ ಗ್ರಂಥಿಗಳು, ನಾಲಗೆಯ ಬುಡದವರು ಚಾರ್ಜ್ ತಗೋತಾರೆ. ಆದರೆ 1971ರಲ್ಲಿ ಪೋಲಿಯೊ ಹನಿ ಹಾಕಿಸಿಕೊಂಡಿದ್ದ ಮಕ್ಕಳ ಟಾನ್ಸಿಲ್, ಅಡಿನಾಯ್ಡ್ ತೆಗೆದು ನೋಡಿದಾಗ, ಮೂಗು-ಗಂಟಲಿನಲ್ಲಿ ಆ ವೈರಸ್ಸಿನ ವಿರುದ್ಧದ ಪ್ರತಿಕಾಯ ಮೂರು-ನಾಲ್ಕು ಪಟ್ಟು ಇಳಿದುಹೋಗಿತ್ತು. ಒಂದು ಮಾತು: ರಾತ್ರಿ ನಿದ್ದೆಯಲ್ಲಿ ಮಗುವಿನ ಉಸಿರು ನಿಂತುನಿಂತು ಬರೋಷ್ಟು ನಾನು ದಪ್ಪಗಾದರೆ ವಾದ ಮಾಡಲ್ಲ, ಹೊರಡ್ತೀನಿ. ಪದೇಪದೇ ಸೋಂಕು ಬರೋದಕ್ಕೂ ಲೆಕ್ಕ ಇದೆ. ಒಂದೇ ವರ್ಷದಲ್ಲಿ ಏಳು ಸಲ, ಇಲ್ಲ ಎರಡು ವರ್ಷ ವರ್ಷಕ್ಕೆ ಐದು, ಇಲ್ಲ ಮೂರು ವರ್ಷ ವರ್ಷಕ್ಕೆ ಮೂರು. ಅದೂ ಡಾಕ್ಟರು ನೋಡಿ ಬರೆದಿಟ್ಟಿರಬೇಕು.

ಈ ಹುಡುಗನಿಗೆ ಈ ವರ್ಷ ಎಷ್ಟು ಸಲ ಬಂತು?

ನಾಲ್ಕು.

ತಾಯಿ ಒಂಬತ್ತು ಅಂತಾರಲ್ಲ?

ಇನ್ನೈದು ಸಲ ಗಣಿತದ ಟೆಸ್ಟ್ ಇತ್ತು.