ಕೀಲಿ ಕೊಟ್ಟಷ್ಟು

ನಮ್ಮ ಭಾವನವರು ಹಬ್ಬಕ್ಕೆ ಬಂದರೆ ಏನೇನು ನಡೆಯುತ್ತದೆಂದು ಮನೆಯ ಮಕ್ಕಳೂ ಹೇಳಬಲ್ಲರು. ಚಪ್ಪಲಿ ಬಿಡುವಾಗ ಬಸ್ಸಿನವನಿಗೆ ಬೈಗುಳ, ಎರಡನೇ ತುತ್ತಿಗೆ “ಸಾರಿಗೆ ಒಂದು ಕಲ್ಲು ಉಪ್ಪು ಕಮ್ಮಿ”, ಊಟವಾದ ಮೇಲೆ ಎಲೆಅಡಿಕೆ, ಆಮೇಲೆ ಮುಖದ ಮೇಲೆ ಪೇಪರು ಹೊದ್ದು ನಿದ್ದೆ. ಇಂಥವರು ಈ ಸಲ, ಮಗನ ಮೊಬೈಲಿನಲ್ಲಿ ಎಐ ಮಾತಾಡುವುದನ್ನು ಕೇಳಿ, “ಅದಕ್ಕೆಲ್ಲಿಂದ ಬಂತಯ್ಯಾ ಪ್ರಜ್ಞೆ? ಕೀಲಿ ಕೊಟ್ಟಷ್ಟು ಆಡುತ್ತೆ” ಎಂದರು. ಅಕ್ಕ ನಗು ತಡೆಯಲಾರದೆ ಅಡುಗೆಮನೆ ಹೊಕ್ಕಳು.

ಭಾವನವರ ವಾದ ಹಳೆಯದು, ದೊಡ್ಡವರದೂ ಹೌದು. ಚಾರ್ಲ್ಸ್ ಬ್ಯಾಬೇಜ್ ಕಟ್ಟಬೇಕೆಂದಿದ್ದ ಗಣಕಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಅಡಾ ಲವ್‌ಲೇಸ್, ನಾವು ಹೇಳಿಕೊಟ್ಟದ್ದನ್ನು ಬಿಟ್ಟು ಅದು ತಾನಾಗಿ ಏನನ್ನೂ ಹುಟ್ಟಿಸಲಾರದು ಎಂದಿದ್ದಳು. 1950ರಲ್ಲಿ ಅಲನ್ ಟ್ಯೂರಿಂಗ್ ಕೊಟ್ಟ ಉತ್ತರ ನನಗಿಷ್ಟ: ಯಂತ್ರಗಳು ತನ್ನನ್ನು ಆಗಾಗ ಬೆರಗಾಗಿಸುತ್ತವಂತೆ. ತಾನು ಲೆಕ್ಕವನ್ನು ಅವಸರದಲ್ಲಿ, ಅಡ್ಡಾದಿಡ್ಡಿ ಮಾಡುವುದೇ ಕಾರಣ ಎಂದೂ ಸೇರಿಸಿದ. ಗಣಿತಜ್ಞರಲ್ಲೂ ನಮ್ಮವರಿದ್ದಾರೆ!

ಸೋದರಳಿಯ ಬಿಡಲಿಲ್ಲ. “ಅಪ್ಪಾ, ಇದು ಒಂದೇ ಪ್ರಶ್ನೆಗೆ ಎರಡು ಸಲ ಎರಡು ಥರ ಉತ್ತರ ಕೊಡುತ್ತೆ” ಎಂದ. ನಿಜವೇ. ಮುಂದಿನ ಪದ ಯಾವುದಿರಬಹುದೆಂದು ಲೆಕ್ಕ ಹಾಕಿ, ಕೊನೆಗೊಂದು ದಾಳ ಎಸೆದು ಪದ ಆರಿಸುತ್ತದೆ. ತಮಾಷೆಯೆಂದರೆ ಆ ದಾಳವೂ ಸಾಮಾನ್ಯವಾಗಿ ಸೂತ್ರದ್ದೇ. ಮೊದಲ ಸಂಖ್ಯೆ ಒಂದೇ ಆದರೆ ಮುಂದಿನವೂ ಅವೇ. ಅದು ಅಪ್ಪಟ ದಾಳವೇ ಆದರೂ ಏನು ಬಂತು? “ಹಾಗಾದರೆ ಚೌಕಾಬಾರದ ಕವಡೆಗೂ ಪ್ರಜ್ಞೆ ಇದೆಯೇನೋ?” ಎಂದರು ಭಾವನವರು. ಇದನ್ನು ನಾವು ಯಾರೂ ಎಣಿಸಿರಲಿಲ್ಲ.

ಬುದ್ಧನ ಕಾಲದ ಮಕ್ಖಲಿ ಗೋಸಾಲ ಇದ್ದಿದ್ದರೆ ‘ಕೀಲಿ ಕೊಟ್ಟಷ್ಟು’ ಎಂಬ ಮಾತಿಗೆ ತಲೆದೂಗುತ್ತಿದ್ದ. ಅವನ ಆಜೀವಿಕ ಪಂಥಕ್ಕೆ ಎಲ್ಲವೂ ನಿಯತಿ. ಉರುಳಿಬಿಟ್ಟ ದಾರದುಂಡೆ ತನ್ನ ಉದ್ದದಷ್ಟು ಬಿಚ್ಚಿಕೊಳ್ಳುವಂತೆ ಜೀವ 84 ಲಕ್ಷ ಮಹಾಕಲ್ಪ ಅಲೆಯಲೇಬೇಕು, ತಪಸ್ಸಿಗೂ ರಿಯಾಯಿತಿಯಿಲ್ಲ. ಸುಖದುಃಖ ಕೊಳಗದಲ್ಲಿ ಅಳೆದಿಟ್ಟದ್ದು. ಅಳೆದಿಟ್ಟದ್ದಾದರೂ ಅನುಭವಿಸುವವನೊಬ್ಬ ಇದ್ದೇ ಇದ್ದ; ಅದರಲ್ಲಿ ಅವರಿಗೆ ಯಾವ ವಿರೋಧವೂ ಕಾಣಲಿಲ್ಲ. ಈ ಪಂಥ ದಕ್ಷಿಣದಲ್ಲಿ, ನಮ್ಮ ಕೋಲಾರದ ಸೀಮೆಯಲ್ಲೂ, ಮಧ್ಯಯುಗದವರೆಗೆ ಉಳಿದಿತ್ತು. ಅವರ ಮೇಲೆ ತೆರಿಗೆಯೂ ಇತ್ತು. ಅದನ್ನೂ ನಿಯತಿಯೆಂದೇ ಕಟ್ಟಿರಬೇಕು.

ನಾನು ಗೋಸಾಲನ ಕಡೆ. ನಾಳೆ ನಾನೇನು ಮಾಡುತ್ತೇನೆಂದು ಒಬ್ಬ ಬರೆದಿಟ್ಟರೂ ನನ್ನ ಹಲ್ಲುನೋವು ನೋವೇ. ಹಾಗಿರುವಾಗ, ನಿಶ್ಚಿತ ಹಾದಿಯಲ್ಲೇ ನಡೆಯುತ್ತದೆಂಬ ಒಂದೇ ಕಾರಣಕ್ಕೆ ಯಂತ್ರವನ್ನು ಹೊರಗಿಡುವುದು ನ್ಯಾಯವಲ್ಲ.

ಹಾಗೆಂದು ಮಾತಾಡಿತೆಂಬ ಕಾರಣಕ್ಕೆ ಒಳಗೆ ಕರೆದು ಮಣೆ ಹಾಕುವುದೂ ಬೇಡ. 1966ರಲ್ಲಿ ಜೋಸೆಫ್ ವೈಜ಼ೆನ್‌ಬಾಮ್ ಪ್ರಕಟಿಸಿದ ‘ಎಲಿಜ಼ಾ’ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾವಾಡಿದ ಮಾತನ್ನೇ ತಿರುಗಿಸಿ ಪ್ರಶ್ನೆ ಕೇಳುತ್ತಿತ್ತು, ಅಷ್ಟೆ. ಅವನು ಅದನ್ನು ತಿಂಗಳುಗಟ್ಟಲೆ ಬರೆಯುವುದನ್ನು ಕಂಡಿದ್ದ ಅವನ ಕಾರ್ಯದರ್ಶಿಯೇ ನಾಲ್ಕು ಮಾತಾಡಿದ ಮೇಲೆ, ಸ್ವಲ್ಪ ಹೊರಗಿರಿ ಎಂದು ಅವನನ್ನೇ ಕಳಿಸಿದಳು.

ಹೊರಗಿನ ಮಾತು ಬಿಟ್ಟು ಒಳಗಿನ ತಂತಿ ನೋಡೋಣವೆಂದರೆ, ಅದೂ ಆಗಿದೆ. ಸಿ. ಎಲಿಗನ್ಸ್ ಎಂಬ ಒಂದು ಮಿಲಿಮೀಟರ್ ಹುಳುವಿನಲ್ಲಿ 302 ನರಕೋಶ. ಯಾವುದು ಯಾವುದಕ್ಕೆ ಕೂಡಿದೆ ಎಂಬ ನಕ್ಷೆ 1986ರಲ್ಲೇ ಅಚ್ಚಾಯಿತು. ಚುಚ್ಚಿದರೆ ಹುಳು ಹಿಂದೆ ಸರಿಯುವುದು ಯಾವ ಕೋಶಗಳಿಂದ ಎಂದು ಬಲ್ಲವರು ಬೆರಳಿಟ್ಟು ತೋರಿಸುತ್ತಾರೆ. ಅದಕ್ಕೆ ನೋವಾಯಿತೋ ಇಲ್ಲವೋ ಎಂದು ಆ ನಕ್ಷೆ ನೋಡಿ ಹೇಳಿದವರು ಇನ್ನೂ ಯಾರೂ ಇಲ್ಲ.