ಗುಡ್ಡದ ಮೇಲಿನ ಗೌಜಿ

ಮಣಿಪಾಲದಲ್ಲಿ ಓದುವ ಮಗನಿಗೆ ದಾವಣಗೆರೆಯಿಂದ ಅಪ್ಪನ ಫೋನು.

ಅಪ್ಪ: ಓದು ಹೆಂಗೈತಪ್ಪಾ?

ಮಗ: ನೆಟ್‌ವರ್ಕಿಂಗ್ ಜೋರೈತೆ.

ಅಪ್ಪ: ಕಂಪ್ಯೂಟರ್ ಪಾಠನಾ?

ಮಗ: ಅಲ್ಲಪ್ಪಾಜಿ, ಸಂಜಿಕೆ ಟೈಗರ್ ಸರ್ಕಲ್‌ನಾಗೆ ನಿಂತು ಪರಿಚಯ ಮಾಡ್ಕೊಳ್ಳೋದು.

ಅಪ್ಪ: ಹಾಜರಿ?

ಮಗ: ಮಲ್ಪೆ ಬೀಚಿನಾಗೆ ಪೂರ್ತಿ. ಕ್ಲಾಸಿನಾಗೆ 75ಕ್ಕೆ ಒಂದೆರಡು ಕಮ್ಮಿ.

ಅಪ್ಪ: ಪಕ್ಕದಾಗೆ ಉಡುಪಿ ಐತಲ್ಲ, ನೋಡಿದ್ಯಾ?

ಮಗ: ಗೋವಾ ರೈಲು ಹತ್ತೋಕೆ ಇಂದ್ರಾಳಿ ಸ್ಟೇಷನ್‌ಗೆ ಹೋಗಿದ್ನಲ್ಲ!

ಅಪ್ಪ: ಕೃಷ್ಣಮಠ?

ಮಗ: ರಿಸಲ್ಟ್ ಹಿಂದಿನ ದಿನ ಎಲ್ರೂ ಹೋಗ್ತೀವಿ.

ಅಪ್ಪ: ಒಂದಿಷ್ಟು ತುಳು ಕಲ್ತ್ಯಾ?

ಮಗ: ಹಿಂದಿ ಕಲ್ತೆ. ರೂಮಿನಾಗೆ ಇಬ್ರೂ ದಿಲ್ಲಿಯೋರು.

ಮಣಿಪಾಲದ ಬೋಳುಗುಡ್ಡದ ಮೇಲೆ ಟಿ.ಎಂ.ಎ. ಪೈ 1953ರಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಈಗ ಅಲ್ಲಿಗೆ ದೇಶವೇ ಬರುತ್ತದೆ. ಗುಡ್ಡ ಇಳಿದು ಊರು ನೋಡುವವರು ಮಾತ್ರ ಅಪ್ಪ ಅಮ್ಮಂದಿರು, ಅದೂ ಘಟಿಕೋತ್ಸವದ ದಿನ.