ರಿಪೇರಿ ಮಾವನ ಶುಂಠಿ ಬಿಯರು

ಊರಿಗೊಬ್ಬ ರಿಪೇರಿ ಮಾವ ಇದ್ದೇ ಇರುತ್ತಾರೆ. ಸಾರಿಗೆ ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿಸುವವರು, ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂಳಿಸುವವರು, ಹೊಗೆಯಾಡುವ ಪಂಪ್‌ಸೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಏನೂ ಆಗಿಲ್ಲ ಬಿಡು ತಮ್ಮಾ, ವೈಂಡಿಂಗ್ ಒಂದೇ ಹೋಗಿರದು’ ಎಂದು ಸಮಾಧಾನ ಹೇಳುವವರು. ಶಿಕಾರಿಪುರ ತಾಲೂಕಿನ ನಮ್ಮ ಅಂಜನಾಪುರದ ಮಾವ ಈ ಜಾತಿಯವರು. ಅವರ ಮಟ್ಟಿಗೆ ಕೆಟ್ಟುಹೋಗಿದ್ದು ಅಂತ ಯಾವುದೂ ಇಲ್ಲ.

ಮಗ ಬೆಂಗಳೂರಿನಲ್ಲಿ ಅಪ್ಪನನ್ನು ಒಂದು ಮೈಕ್ರೊಬ್ರೂವರಿಗೆ ಕರೆದೊಯ್ದಿದ್ದ. ಸರ್ಕಾರ 2010ರಲ್ಲಿ ನಿಯಮ ಮಾಡಿ ಒಪ್ಪಿಗೆ ಕೊಟ್ಟ ಮೇಲೆ ಹುಟ್ಟಿಕೊಂಡ ಜಾಗಗಳವು. ಗಾಜಿನ ಆಚೆ ಆಳೆತ್ತರದ ಸ್ಟೀಲ್ ಡ್ರಮ್ಮು, ಈಚೆ ಕುಡಿಯುವವರು. ಮಾವ ಡ್ರಮ್ಮನ್ನೂ ನೋಡಿದರು, ಬಿಲ್ಲನ್ನೂ ನೋಡಿದರು. ‘ಇದನ್ನ ಮನೇಲೇ ಮಾಡಬಹುದಲ್ಲೋ?’ ಲೈಸೆನ್ಸ್ ಇಲ್ಲದೆ ಮಾಡಿದರೆ 1965ರ ಅಬಕಾರಿ ಕಾಯ್ದೆ ಇದೆ ಅಂತ ಮಗ ಹೆದರಿಸಿದ. ಮಾವನಿಗೂ ತಾಲೂಕಿನ ಮರ್ಯಾದೆ ನೆನಪಾಯಿತು. ರಾಜ್ಯದಲ್ಲಿ ಸಾರಾಯಿ ಬಂದ್ ಆಗಿದ್ದು 2007ರ ಜುಲೈ 1ಕ್ಕೆ, ಆಗ ಹಣಕಾಸು ಖಾತೆ ಇದ್ದಿದ್ದು ಶಿಕಾರಿಪುರದ ಯಡಿಯೂರಪ್ಪನವರ ಕೈಯಲ್ಲೇ. ಅಂಥ ಕ್ಷೇತ್ರದ ಮತದಾರ ಬಿಯರ್ ಕಾಯಿಸುವುದೇ? ಹಾಗಾಗಿ ಶುಂಠಿ ಬಿಯರು. ಹೆಸರಲ್ಲಷ್ಟೇ ಬಿಯರು, ಒಳಗೆ ಬರೀ ನೊರೆ. ದರ ಬಿದ್ದ ಶುಂಠಿ ಹೇಗೂ ಹಿತ್ತಿಲಲ್ಲಿ ರಾಶಿ ಬಿದ್ದಿತ್ತು.

ವಿಧಾನ ಸುಲಭ. ತುರಿದ ಶುಂಠಿ, ಸಕ್ಕರೆ, ನೀರು ಭರಣಿಗೆ ಹಾಕಿ, ದಿನಾ ಚೂರು ಶುಂಠಿ, ಚೂರು ಸಕ್ಕರೆ ಕೊಡುತ್ತಾ ಹೋದರೆ ಶುಂಠಿ ಸಿಪ್ಪೆಯಲ್ಲಿರುವ ಯೀಸ್ಟು ಎದ್ದು ಗುಳ್ಳೆ ಬರುತ್ತದೆ. ಆ ಹೆಪ್ಪನ್ನು ಆರಿದ ಸಕ್ಕರೆ ನೀರಿಗೆ ಸೇರಿಸಬೇಕು. ಮಾವ ಕುದಿಯುವ ನೀರಿಗೇ ಸುರಿದರು. ಯೀಸ್ಟು ಸತ್ತೇಹೋಯಿತು. ವಾರವಾದರೂ ಒಂದು ಗುಳ್ಳೆ ಇಲ್ಲ. ‘ಮಲಗಿದೆ, ಎಬ್ಬಿಸಣ’ ಅಂದವರು ಹೊಸ ಹೆಪ್ಪು ಮಾಡಿ, ನೀರು ಉಗುರುಬೆಚ್ಚಗಾದ ಮೇಲೆ ಹಾಕಿದರು. ಎದ್ದಿತು. ಸತ್ತಿದ್ದನ್ನು ಎಬ್ಬಿಸಿದೆ ಅಂತ ಈಗಲೂ ಹೇಳುತ್ತಾರೆ. ಇನ್ನೊಮ್ಮೆ ಪ್ಯಾಕೆಟ್ ಯೀಸ್ಟು ತರಿಸಿದರೆ ಅದು ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಅಂಜನಾಪುರಕ್ಕೆ ಹೋಗಿ ಕೂತಿತ್ತು. ಅದನ್ನು ಮಾತ್ರ ಮಾವನಿಂದ ರಿಪೇರಿ ಮಾಡಲಾಗಲಿಲ್ಲ.

ಮೇಲೆ ಬಿಳಿ ಪೊರೆ ಕಟ್ಟಿದರೆ ಸೌಟಿನಲ್ಲಿ ತೆಗೆದು ಬಿಸಾಕುತ್ತಿದ್ದರು, ಅದು ಸರಿಯೇ. ಹಸಿರು ಬೂಷ್ಟು ಬಂದ ದಿನವೂ ಸೌಟು ಹಿಡಿದೇ ಬಂದರು. ಅದಕ್ಕೆ ಯಾವ ರಿಪೇರಿಯೂ ಇಲ್ಲ. ಮಾವ ಕನ್ನಡಕ ಹುಡುಕುವಷ್ಟರಲ್ಲಿ ಅತ್ತೆ ಇಡೀ ಭರಣಿಯನ್ನು ಅಡಿಕೆ ಮರದ ಬುಡಕ್ಕೆ ಚೆಲ್ಲಿ ಬಂದಿದ್ದರು.

ಅಸಲಿ ತಲೆನೋವು ಬಾಟಲಿ ಮುಚ್ಚುವುದರಲ್ಲಿ. ಸಕ್ಕರೆ ಎಷ್ಟು ಕರಗಿದೆ ಅಂತ ತಿಳಿಯಲು ಹೈಡ್ರೋಮೀಟರ್ ಬೇಕು. ಮಾವ ಹಾಲಿನ ಡೇರಿಯಿಂದ ಲ್ಯಾಕ್ಟೋಮೀಟರ್ ಕೇಳಿ ತಂದರು. ನಗಬೇಡಿ, ಎರಡರ ಕೆಲಸವೂ ಒಂದೇ, ದ್ರವ ಎಷ್ಟು ಗಟ್ಟಿ ಅಂತ ನೋಡುವುದು. ಉದ್ದ ಲೋಟದಲ್ಲಿ ಗಾಜಿನ ಬುರುಡೆ ಎರಡು ಸಲ ಕುಣಿದು ನಿಂತಿತು. ಲೀಟರಿಗೆ 100 ಗ್ರಾಂ ಸಕ್ಕರೆ ಹಾಕಿದ್ದಕ್ಕೆ 38 ತೋರಿಸಿತು. ‘38 ಡಿಗ್ರಿ! ಈ ಹಾಲು ಯಾವ ಎಮ್ಮೆ ಕೊಡ್ತದೆ ಹೇಳು’ ಅಂತ ಮಾವ ಹಿಗ್ಗಿದರು. ಯೀಸ್ಟು ಸಕ್ಕರೆ ತಿಂದ ಹಾಗೆ ಡಿಗ್ರಿ ಇಳಿಯುತ್ತದೆ. ಸೊನ್ನೆಗಿಳಿದರೆ ಒಳಗೆ ಶೇ 5ರ ಹತ್ತಿರ ಮದ್ಯ, ಅಂದರೆ ಅಂಗಡಿ ಬಿಯರೇ. ಬೇಗ ಮುಚ್ಚಿದರೆ ಬಾಟಲಿ ಸಿಡಿಯುತ್ತದೆ, ತಡ ಮಾಡಿದರೆ ಅಬಕಾರಿ.

ಮಾವ ಬೇಗ ಮುಚ್ಚಿದರು. ಫ್ರಿಜ್ಜಿಗಿಟ್ಟಿದ್ದರೆ ಯೀಸ್ಟು ತಣ್ಣಗೆ ಕೂರುತ್ತಿತ್ತು. ಅಲ್ಲಿ ಅತ್ತೆಯ ದೋಸೆ ಹಿಟ್ಟಿತ್ತು. ಅಟ್ಟದ ಮೇಲೆ ಮೊದಲ ಗಾಜಿನ ಬಾಟಲಿ ಮಧ್ಯರಾತ್ರಿ ಸಿಡಿಯಿತು. ಉಳಿದವುಗಳ ಮುಚ್ಚಳ ಬಿಚ್ಚಿದರೆ ಅಂಜನಾಪುರ ಡ್ಯಾಮು ಕೋಡಿ ಬಿದ್ದ ಹಾಗೆ ನೊರೆ. ಮಾರನೆಯ ದಿನದಿಂದ ಪ್ಲಾಸ್ಟಿಕ್ ಬಾಟಲಿ. ಬೆಳಿಗ್ಗೆ ಒತ್ತಿ ನೋಡುವುದು, ಕಲ್ಲಿನಂತಾಗಿದ್ದರೆ ಫ್ರಿಜ್ಜಿಗೆ ಇಡುವುದು. ದೋಸೆ ಹಿಟ್ಟು ಹೊರಗೆ ಬಂತು.

ಅಷ್ಟರಲ್ಲಿ, ಬಾಯಿ ತೆರೆದೇ ಬಿಟ್ಟಿದ್ದ ಒಂದು ಭರಣಿ ಗಾಳಿಯಾಡಿ ಹುಳಿಯಾಗಿ, ಅಪ್ಪಟ ವಿನೆಗರ್ ಆಗಿತ್ತು. ಮಾವ ಅದನ್ನು ಕ್ಯಾನಿಗೆ ತುಂಬಿ ಪೇಟೆಯ ಗೋಬಿ ಮಂಚೂರಿ ಗಾಡಿಯವನಿಗೆ ಕೊಟ್ಟರು. ಗೋಬಿಯ ಕೃತಕ ಬಣ್ಣಕ್ಕೆ 2024ರಲ್ಲಿ ಸರ್ಕಾರ ತಡೆ ಹಾಕಿದೆಯೇ ಹೊರತು ಹುಳಿಗಲ್ಲ. ಅವನು ರುಚಿ ನೋಡಿ, ಇನ್ನೊಂದು ಕ್ಯಾನು ಬೇಕು ಅಂದ. ‘ನಾನು ಮೊದಲಿಂದ ಮಾಡ್ತಿದ್ದಿದ್ದೇ ವಿನೆಗರ್ರು’ ಅಂತ ಮಾವ ಊರಿಗೆಲ್ಲ ಹೇಳಿದರು.

ಈ ಸಲ ಆರ್ಡರ್ ಇರುವ ಮಾಲು ಅಂತ ಅತಿ ಜಾಗ್ರತೆ ವಹಿಸಿದರು. ನೀರು ಆರಿಸಿ ಹೆಪ್ಪು ಹಾಕಿದರು, ಭರಣಿ ತೊಳೆದು ಒಣಗಿಸಿದರು, ಬಾಟಲಿಗೆ ತುಂಬಿ ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿದರು. ಗಾಳಿಯಿಲ್ಲದೆ ವಿನೆಗರ್ ಎಲ್ಲಿಂದ ಬರಬೇಕು? ತೆಗೆದು ನೋಡಿದರೆ ಹದವಾದ ಖಾರ, ಹದವಾದ ಸಿಹಿ, ಮೂಗಿಗೆ ಏರುವ ನೊರೆ. ಕುಡಿದವರೆಲ್ಲ ಇನ್ನೊಂದು ಲೋಟ ಕೇಳಿದರು. ಮಾವನ ಮುಖ ಸಣ್ಣಗಾಯಿತು.

‘ತಡಿ, ಸರಿ ಮಾಡ್ತೀನಿ’ ಎಂದು ಒಂದೊಂದೇ ಮುಚ್ಚಳ ಬಿಚ್ಚುತ್ತಾ ಹೋದರು. ಅವರ ಬೆನ್ನ ಹಿಂದೆ ಅತ್ತೆ ಒಂದೊಂದೇ ಮುಚ್ಚಿ ಫ್ರಿಜ್ಜಿಗೆ ಸೇರಿಸುತ್ತಿದ್ದರು.